ಒಲೆಗೂ ಬೇಕು ಆರೈಕೆ

ಅಡುಗೆ ಅನಿಲ ಹಳ್ಳಿ ಹಳ್ಳಿಗೂ ತಲುಪಿದೆ. ಆದರೂ ಸ್ನಾನದ ನೀರು ಕಾಯಿಸಲು, ಹಬ್ಬದ ಅಡುಗೆಗೆ, ಎಷ್ಟೋ ಮನೆಗಳಲ್ಲಿ ದಿನನಿತ್ಯದ ಅನ್ನ-ಸಾರಿಗೂ ಸೌದೆ ಒಲೆಯೇ ಆಧಾರ. ಸೌದೆಯ ಹೊಗೆ ಕಣ್ಣುರಿ ತರುವುದಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಮನೆಯೊಳಗಿನ ಇಂಧನದ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರು.

ಈ ಹೊಗೆಯನ್ನು ಹೊರಕ್ಕೆ ಸಾಗಿಸಿ ಸೌದೆಯನ್ನೂ ಉಳಿಸುವ ಒಲೆಗಳು ನಮಗೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಘಟಕ ರೂಪಿಸಿದ ಮೂರು ಪಾತ್ರೆಗಳ ಒಲೆಯನ್ನು ನೀವು ಬಲ್ಲಿರಿ. ಸೌದೆ ಉರಿಯಲು ಮುಚ್ಚಿದ ಗೂಡು, ಅದರ ತಳದಲ್ಲಿ ಕಬ್ಬಿಣದ ಜಾಲರಿ, ಹಿಂಬದಿಗೆ ಹೊಗೆ ಕೊಳವೆ, ಇವು ಅದರ ಮುಖ್ಯ ಭಾಗಗಳು. ಹಾಗಾದರೆ ಇಂಥ ಒಲೆ ಕಟ್ಟಿದ ಎಷ್ಟೋ ಮನೆಗಳಲ್ಲಿ ಹೊಗೆ ಮತ್ತೆ ಅಡುಗೆಮನೆಗೇ ಬರುವುದೇಕೆ? ಒಡಿಶಾದಲ್ಲಿ ಸುಮಾರು 2,600 ಕುಟುಂಬಗಳನ್ನು ನಾಲ್ಕು ವರ್ಷ ಗಮನಿಸಿದ ರೆಮಾ ಹನ್ನಾ, ಎಸ್ತರ್ ಡುಫ್ಲೊ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ಅವರ ಅಧ್ಯಯನ (2016) ಇದಕ್ಕೆ ಉತ್ತರ ಕೊಡುತ್ತದೆ. ಸುಧಾರಿತ ಒಲೆಯಿಂದ ಮೊದಲ ವರ್ಷ ಹೊಗೆ ಸೇವನೆ ತಗ್ಗಿತು. ಆಮೇಲೆ ಆ ಲಾಭ ಕರಗಿಹೋಯಿತು. ಜನ ಒಲೆಯನ್ನು ಸತತವಾಗಿ ಬಳಸಲಿಲ್ಲ, ದುರಸ್ತಿಯನ್ನೂ ಮಾಡಲಿಲ್ಲ. ಆರೈಕೆಯಿಲ್ಲದ ಒಲೆ ಬೇಗ ಕೆಡುತ್ತದೆ ಏಕೆಂಬುದನ್ನು ಭೌತಶಾಸ್ತ್ರದ ಸರಳ ನಿಯಮಗಳೇ ತಿಳಿಸುತ್ತವೆ.

ಒಂದು ಮಿಲಿಮೀಟರಿನ ಬಲ

ಒಲೆಯೊಳಕ್ಕೆ ಗಾಳಿಯನ್ನು ಸೆಳೆಯುವುದು ಹೊಗೆ ಕೊಳವೆ. ಬಿಸಿ ಅನಿಲದ ಸಾಂದ್ರತೆ ಕಡಿಮೆ, ಆದ್ದರಿಂದ ಅದು ಮೇಲೇರುತ್ತದೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿಯ ರಾಶಿ ಸುಮಾರು 1.18 ಕಿಲೋಗ್ರಾಂ, 150 ಡಿಗ್ರಿಯಲ್ಲಿ 0.84 ಕಿಲೋಗ್ರಾಂ. ಕೊಳವೆಯ ಎತ್ತರ 3 ಮೀಟರ್ ಎಂದಿಟ್ಟುಕೊಳ್ಳಿ. ಸಾಂದ್ರತೆಯ ವ್ಯತ್ಯಾಸವನ್ನು ಎತ್ತರದಿಂದಲೂ ಗುರುತ್ವ ವೇಗೋತ್ಕರ್ಷದಿಂದಲೂ ಗುಣಿಸಿದರೆ ಸುಮಾರು 10 ಪಾಸ್ಕಲ್ ಸಿಗುತ್ತದೆ. ಇದು ಕೇವಲ ಒಂದು ಮಿಲಿಮೀಟರ್ ನೀರಿನ ಒತ್ತಡ. ಇಡೀ ಒಲೆ ನಡೆಯುವುದು ಇಷ್ಟು ಸಣ್ಣ ಬಲದಿಂದ. ಆದ್ದರಿಂದಲೇ ಸಣ್ಣ ಬಿರುಕು, ತೆಳು ಮಸಿ ಕೂಡ ಅದಕ್ಕೆ ದೊಡ್ಡ ಅಡಚಣೆ.

ಹೊಗೆ ಕೊಳವೆ

10 ಸೆಂಟಿಮೀಟರ್ ವ್ಯಾಸದ ಕೊಳವೆಯ ಒಳಗೋಡೆಗೆ ಸುತ್ತಲೂ ಒಂದು ಸೆಂಟಿಮೀಟರ್ ಮಸಿ ಕಟ್ಟಿದರೆ ವ್ಯಾಸ 8 ಸೆಂಟಿಮೀಟರಿಗೆ ಇಳಿಯುತ್ತದೆ. ಹೊಗೆ ಸಾಗುವ ದಾರಿಯ ವಿಸ್ತೀರ್ಣದಲ್ಲಿ ಶೇಕಡ 36ರಷ್ಟು ನಷ್ಟ! ಹಸಿ ಸೌದೆ ಉರಿಸಿದರೆ ಮಸಿಯ ಜೊತೆಗೆ ಜಿಗುಟಾದ ಟಾರೂ ಕೂಡಿಕೊಳ್ಳುತ್ತದೆ. ಟಾರಿಗೆ ಬೆಂಕಿ ಹತ್ತಿಕೊಂಡರೆ ಮಾಡಿಗೆ ಅಪಾಯ.

ತಿಂಗಳಿಗೊಮ್ಮೆ ಕೊಳವೆಯನ್ನು ಪರೀಕ್ಷಿಸಿ. ಒಲೆ ಪೂರ್ತಿ ಆರಿದ ಮೇಲೆ, ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು, ಹಗ್ಗಕ್ಕೆ ಬಿಗಿದ ಗೋಣಿಚೀಲದ ಉಂಡೆಯನ್ನು ಮೇಲಿನಿಂದ ಇಳಿಸಿ ಎಳೆದರೆ ಮಸಿ ಉದುರುತ್ತದೆ. ಆದರೆ ಹಳೆಯ ಕೊಳವೆ ಕಲ್ನಾರು-ಸಿಮೆಂಟಿನದಾದರೆ ಉಜ್ಜಬೇಡಿ, ಗರಗಸ ಹಾಕಬೇಡಿ, ಒಡೆಯಬೇಡಿ. ಕಲ್ನಾರಿನ ಎಳೆಗಳು ಶ್ವಾಸಕೋಶ ಹೊಕ್ಕರೆ ಕ್ಯಾನ್ಸರ್ ತರಬಲ್ಲವು. ಅದನ್ನು ತಿಳಿದವರ ಕೈಯಲ್ಲಿ, ನೀರಿನಿಂದ ತೋಯಿಸಿ, ಇಡಿಯಾಗಿ ತೆಗೆಸಿ ಉಕ್ಕಿನ ತಗಡಿನ ಕೊಳವೆ ಹಾಕಿಸುವುದು ಲೇಸು.

ಜಾಲರಿ

ಬೀಡುಕಬ್ಬಿಣದ ಜಾಲರಿ ಮೊದಲು ಸವೆಯುವ ಭಾಗ. ಕೆಂಪಗೆ ಕಾದ ಕಬ್ಬಿಣ ಆಕ್ಸಿಜನ್ನಿನೊಡನೆ ಸೇರಿ ಪದರಪದರವಾಗಿ ಉದುರುತ್ತದೆ. ಕೆಳಗಿನಿಂದ ಏರುವ ತಣ್ಣನೆಯ ಗಾಳಿಯೇ ಅದರ ರಕ್ಷಕ. ಬೂದಿಗುಂಡಿ ತುಂಬಿದರೆ ಆ ಗಾಳಿ ನಿಲ್ಲುತ್ತದೆ, ಜಾಲರಿ ಅತಿಯಾಗಿ ಕಾದು ಬಾಗುತ್ತದೆ. ಬೆಳಿಗ್ಗೆ ಬೂದಿ ತೆಗೆದರೆ ಉರಿಗೂ ಒಳಿತು, ಜಾಲರಿಗೂ ಒಳಿತು.

ಸರಳು ಮುರಿದಿದ್ದರೆ ಅಥವಾ ಕೆಂಡ ಕೆಳಗೆ ಬೀಳುವಷ್ಟು ಬಾಗಿದ್ದರೆ ಜಾಲರಿಯನ್ನು ಬದಲಿಸಿ. ಹೊಸದನ್ನು ಬಿಗಿಯಾಗಿ ಕೂರಿಸಬೇಡಿ. 20 ಸೆಂಟಿಮೀಟರ್ ಉದ್ದದ ಸರಳಿನ ಉಷ್ಣತೆ 600 ಡಿಗ್ರಿ ಏರಿದರೆ ಅದು 1.3 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಸುತ್ತ 2-3 ಮಿಲಿಮೀಟರ್ ಜಾಗ ಬಿಡದಿದ್ದರೆ ಜಾಲರಿ ಬಾಗುತ್ತದೆ, ಇಲ್ಲವೆ ಗೋಡೆ ಸೀಳುತ್ತದೆ.

ಬಿರುಕು ಮತ್ತು ಬಾಯಿ

ಗೋಡೆಯ ಬಿರುಕಿನಿಂದಲೂ, ಒಲೆಬಾಯಿ ಮತ್ತು ಪಾತ್ರೆಯ ನಡುವಿನ ಸಂದಿನಿಂದಲೂ ತಣ್ಣನೆಯ ಗಾಳಿ ಒಳನುಗ್ಗುತ್ತದೆ. ಜ್ವಾಲೆಯನ್ನು ಹಾಯದ ಈ ಗಾಳಿ ಉರಿಗೆ ನೆರವಾಗದು. ಬಿಸಿ ಅನಿಲವನ್ನು ತಣಿಸಿ ಕೊಳವೆಯ ಸೆಳೆತವನ್ನೂ ಕುಗ್ಗಿಸುತ್ತದೆ. ಇದನ್ನು ವಿದ್ಯಾರ್ಥಿಗಳಿಗೆ ತೋರಿಸಲು ಒಂದು ಊದುಬತ್ತಿ ಸಾಕು. ಒಲೆ ಉರಿಯುತ್ತಿರುವಾಗ ಅದನ್ನು ಸಂದಿನ ಬಳಿ ಹಿಡಿಯಿರಿ. ಹೊಗೆ ಒಳಕ್ಕೆ ಬಾಗಿದರೆ ಅಲ್ಲಿ ಸೋರಿಕೆ ಇದೆ. ಹೊರಕ್ಕೆ ತಳ್ಳಿಸಿಕೊಂಡರೆ ಕೊಳವೆ ಕಟ್ಟಿದೆ ಎಂದು ಅರ್ಥ.

ಬಿರುಕಿಗೆ ಸಿಮೆಂಟ್ ಬೇಡ. ಸಿಮೆಂಟಿನ ಗಟ್ಟಿತನಕ್ಕೆ ಕಾರಣವಾದ, ರಾಸಾಯನಿಕವಾಗಿ ಬೆರೆತ ನೀರು ಹೆಚ್ಚಿನ ಕಾವಿನಲ್ಲಿ ಹೊರಟುಹೋಗಿ ಅದು ಪುಡಿಯಾಗುತ್ತದೆ. ಜೇಡಿಮಣ್ಣು, ಮರಳು, ಸಗಣಿ, ಕತ್ತರಿಸಿದ ಹುಲ್ಲು ಕಲಸಿ ತುಂಬಿ. ಬರಿಯ ಜೇಡಿ ಒಣಗುವಾಗ ಕುಗ್ಗಿ ಮತ್ತೆ ಬಿರಿಯುತ್ತದೆ. ಮರಳು ಮತ್ತು ಹುಲ್ಲು ಅದನ್ನು ತಡೆಯುತ್ತವೆ. ತುಂಬುವ ಮೊದಲು ಬಿರುಕನ್ನು ನೀರಿನಿಂದ ತೋಯಿಸಿ. ದಿನವೂ ಒಲೆ ಸಾರಿಸುತ್ತಿದ್ದ ನಮ್ಮ ಅಜ್ಜಿಯರ ರೂಢಿ ಮಡಿಯ ಮಾತಷ್ಟೇ ಆಗಿರಲಿಲ್ಲ. ಕೂದಲೆಳೆಯ ಬಿರುಕುಗಳು ಅದರಿಂದ ಅಂದಂದೇ ಮುಚ್ಚುತ್ತಿದ್ದವು.

ಶಾಲೆಗೊಂದು ಪ್ರಯೋಗ

ದುರಸ್ತಿಯ ಫಲವನ್ನು ಅಳೆದೇ ನೋಡಿ. 5 ಲೀಟರ್ ನೀರನ್ನು 25ರಿಂದ 95 ಡಿಗ್ರಿಗೆ ಕಾಯಿಸಲು ಬೇಕಾದ ಉಷ್ಣ ಸುಮಾರು 1,460 ಕಿಲೋಜೂಲ್. ಒಣ ಸೌದೆಯ ಒಂದು ಕಿಲೋಗ್ರಾಂ ಸುಮಾರು 16,000 ಕಿಲೋಜೂಲ್ ನೀಡುತ್ತದೆ. ಈ ಕೆಲಸಕ್ಕೆ 500 ಗ್ರಾಂ ಸೌದೆ ಹಿಡಿದರೆ ದಕ್ಷತೆ ಶೇಕಡ 18. 300 ಗ್ರಾಂ ಸಾಕಾದರೆ ಶೇಕಡ 30. ಉಳಿದ ಕೆಂಡವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಅದೇ ಪಾತ್ರೆ, ಅದೇ ಬಗೆಯ ಸೌದೆಯಿಂದ ದುರಸ್ತಿಗೆ ಮುನ್ನ ಮತ್ತು ಅನಂತರ ಅಳೆದರೆ ಹೋಲಿಕೆ ನ್ಯಾಯವಾಗಿರುತ್ತದೆ.

ಈ ಅಂಕಿಗಳನ್ನು ವಿದ್ಯಾರ್ಥಿಗಳು ಮನೆಗೆ ಕೊಂಡೊಯ್ಯಲಿ. ಒಲೆಯ ಮುಂದೆ ದಿನವೂ ಕೂರುವ ತಾಯಿಗೆ ಮಗಳೋ ಮಗನೋ ಕೊಳವೆ ಗುಡಿಸಿಕೊಟ್ಟರೆ, ಆ ದಿನದ ಪಾಠ ಸಾರ್ಥಕ.