ಒಂದು ನಿಮಿಷಕ್ಕೊಂದು ಪ್ರಶ್ನೆ

ಸಂಜೆ ನಾಲ್ಕೂವರೆಯ ಗಂಟೆ ಹೊಡೆದು, ಮಕ್ಕಳೆಲ್ಲ ಗೇಟು ದಾಟಿ ಆಗಿದೆ. ಅಡುಗೆ ಕೋಣೆಯ ಮುಂದೆ ಬಿಸಿಯೂಟದ ಪಾತ್ರೆಗಳು ಬೋರಲು ಬಿದ್ದಿವೆ. ಎಂಟನೇ ತರಗತಿಯ ಕೋಣೆಯಲ್ಲಿ ಮಾತ್ರ ಇನ್ನೂ ದೀಪ. ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದು. ಹತ್ತು ಹನ್ನೆರಡು ಮಕ್ಕಳು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾರೆ. ತೊಡೆಯ ಮೇಲೆ ಪರೀಕ್ಷಾ ರಟ್ಟು, ರಟ್ಟಿನ ಮೇಲೆ ಜೆರಾಕ್ಸ್ ಮಾಡಿಸಿದ ಓಎಂಆರ್ ಹಾಳೆ. ಜೆರಾಕ್ಸಿನ ದುಡ್ಡು ಗಣಿತದ ಸರ್ ಜೇಬಿನದು.

‘ಗೆರಿ ದಾಟಬಾರದು, ಒಳಗ ಬೆಳ್ಳಗ ಉಳಿಬಾರದು. ಒಮ್ಮೆ ಕರ್ರಗ ಮಾಡಿದ್ರ ಮುಗೀತು, ಅಳಸಾಕ ಬರಂಗಿಲ್ಲ’ ಎಂದು ಅವರು ಸಾಲಿನ ನಡುವೆ ಓಡಾಡುತ್ತಿದ್ದಾರೆ. ಮೂಲೆಯಲ್ಲಿದ್ದ ಹುಡುಗಿಯ ಪೆನ್ನು ನಿಂತಿತು. ‘ಸರ, ಇಪ್ಪತ್ಮೂರರ ಉತ್ತರ ಇಪ್ಪತ್ನಾಕಕ್ಕ ಹಚ್ಚಿಬಿಟ್ಟೀನ್ರಿ.’ ನೋಡಿದರೆ ಅಲ್ಲಿಂದ ಮುಂದಿನವೆಲ್ಲ ಒಂದೊಂದು ಸಾಲು ಕೆಳಗೆ ಜಾರಿವೆ. ಪ್ರಶ್ನೆಪತ್ರಿಕೆಯ ಮೇಲೆ ಅವಳು ಗುರುತು ಹಾಕಿಕೊಂಡ ಉತ್ತರಗಳು ಬಹುಪಾಲು ಸರಿ. ಹಾಳೆ ಮಾತ್ರ ತಪ್ಪು. ತಿದ್ದುವ ಯಂತ್ರಕ್ಕೆ ಕಾಣುವುದು ಹಾಳೆಯೊಂದೇ.

ಇದು ಎನ್‌ಎಂಎಂಎಸ್ ಪರೀಕ್ಷೆಯ ತಯಾರಿ. ಬಡ ಮಕ್ಕಳು ಎಂಟನೇ ತರಗತಿಗೇ ಶಾಲೆ ಬಿಡಬಾರದೆಂದು ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ವಿದ್ಯಾರ್ಥಿವೇತನ. ಗೆದ್ದವರಿಗೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ಹೊಸ ವಿದ್ಯಾರ್ಥಿವೇತನ, ಅದರಲ್ಲಿ ಕರ್ನಾಟಕದ ಪಾಲು 5,534. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗಷ್ಟೇ ಅವಕಾಶ. ಮನೆಯ ವರಮಾನ ಮೂರೂವರೆ ಲಕ್ಷ ದಾಟಿರಬಾರದು. ಪತ್ರಿಕೆ ಎರಡು: ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ವಿಜ್ಞಾನ, ಸಮಾಜ, ಗಣಿತದ ಪಾಠಗಳದ್ದು. ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಓದಿ, ಯೋಚಿಸಿ, ಗುಂಡಗೆ ಕಪ್ಪು ತುಂಬುವುದೆಲ್ಲ ಆ ಒಂದು ನಿಮಿಷದೊಳಗೇ ಆಗಬೇಕು.

ಪಾಠದ ಪತ್ರಿಕೆಗೆ ಪುಸ್ತಕವಿದೆ. ಬೌದ್ಧಿಕ ಸಾಮರ್ಥ್ಯಕ್ಕೆ ಪಠ್ಯವೂ ಇಲ್ಲ, ವೇಳಾಪಟ್ಟಿಯಲ್ಲಿ ಅವಧಿಯೂ ಇಲ್ಲ. ಅದಕ್ಕೇ ಈ ಸಂಜೆಯ ಕ್ಲಾಸು. ಸರ್ ಹಲಗೆಯ ಮೇಲೆ 3, 8, 15, 24 ಎಂದು ಬರೆದು ಮುಂದಿನದು ಏನೆಂದರು. ‘ಮೂವತ್ತೈದ್ರಿ’ ಎಂದು ಕೂಗಿದವಳು ಅದೇ ಮೂಲೆಯ ಹುಡುಗಿ. ಹೇಗೆ? ‘ಐದ ಹೆಚ್ಚಾತು, ಏಳ ಹೆಚ್ಚಾತು, ಒಂಬತ್ತ ಹೆಚ್ಚಾತು, ಮುಂದ ಹನ್ನೊಂದ ಆಗಬೇಕಲ್ರಿ.’ ಹಿಂದಿನ ಸಾಲಿನ ಹುಡುಗನಿಗೂ 35 ಬಂದಿತ್ತು, ಆದರೆ ಬೇರೆ ದಾರಿಯಲ್ಲಿ: ಎರಡರ ವರ್ಗದಲ್ಲಿ ಒಂದು ಕಡಿಮೆ, ಮೂರರ ವರ್ಗದಲ್ಲಿ ಒಂದು ಕಡಿಮೆ, ಹೀಗೆ. ಸರ್ ಎರಡನ್ನೂ ಹಲಗೆಯ ಮೇಲೆ ಬರೆಸಿದರು. ಓಎಂಆರ್ ಹಾಳೆಯಲ್ಲಿ ಈ ಎರಡು ದಾರಿಗೂ ಜಾಗವಿಲ್ಲ, ಇರುವುದು ನಾಲ್ಕು ಗುಂಡು.

ಆಮೇಲೆ ಜಾತ್ರೆಯಲ್ಲಿ ಕೊಂಡಂಥ ಪುಟ್ಟ ಕನ್ನಡಿಯೊಂದು ಕೈಯಿಂದ ಕೈಗೆ ಹೋಯಿತು. ಮೂರೂ ಕಾಲು ತೋರಿಸುವ ಗಡಿಯಾರದ ಚಿತ್ರವನ್ನು ಎದುರಿಗೆ ಹಿಡಿದರೆ ಒಳಗೆ ಎಂಟೂ ಮುಕ್ಕಾಲು! ಒಬ್ಬ ಹುಡುಗ ಗಡಿಯಾರ ಬಿಟ್ಟು ತನ್ನ ಹಲ್ಲು ನೋಡಿಕೊಂಡು ಬೈಸಿಕೊಂಡ.

ಹೆಸರು ನೋಂದಾಯಿಸಿದ ಮಕ್ಕಳು ಇನ್ನೂ ಇದ್ದಾರೆ. ಆದರೆ ಪರೀಕ್ಷೆ ಬರುವುದು ಚಳಿಗಾಲದ ಒಂದು ಭಾನುವಾರ. ಅದಕ್ಕೆ ಓದಬೇಕಾದ ತಿಂಗಳುಗಳಲ್ಲೇ ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ. ಅವ್ವನ ಜೊತೆ ಹೊಲಕ್ಕೆ ಹೋಗುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಅಂಥವರ ಮನೆಗೆ ಸರ್ ರಾತ್ರಿ ಫೋನು ಮಾಡುತ್ತಾರೆ. ‘ಯಕ್ಕಾ, ವರ್ಷಕ್ಕ ಹನ್ನೆರಡ ಸಾವಿರ ಬರತೈತಿ, ನಾಕ ದಿನ ಕಳಸ್ರಿ’ ಎಂದರೆ ಕೆಲವರು ಕಳಿಸುತ್ತಾರೆ, ಕೆಲವರು ‘ಹೂಂ’ ಎಂದಷ್ಟೇ ಅನ್ನುತ್ತಾರೆ.

ಶಾಲೆಯನ್ನು ಅಳೆಯುವ ಪರೀಕ್ಷೆಗಳು ಬೇರೆಯೇ ಇವೆ. 2021ರ ನವೆಂಬರ್ 12ರಂದು ರಾಷ್ಟ್ರೀಯ ಸಾಧನಾ ಸಮೀಕ್ಷೆ ನಡೆಯಿತು. 2024ರ ಡಿಸೆಂಬರ್ 4ರಂದು ‘ಪರಖ್’ ಹೆಸರಿನಲ್ಲಿ 3, 6, 9ನೇ ತರಗತಿಗಳಿಗೆ ಮತ್ತೊಂದು. ಅವು ಆಯ್ದ ಶಾಲೆಗಳಲ್ಲಿ ನಡೆಯುವ ಮಾದರಿ ಸಮೀಕ್ಷೆಗಳು. ಹೊರಬರುವುದು ಜಿಲ್ಲೆಯ, ರಾಜ್ಯದ ಲೆಕ್ಕ. ಬರೆದ ಮಗುವಿಗೆ ಅಂಕಪಟ್ಟಿಯೂ ಇಲ್ಲ, ದುಡ್ಡೂ ಇಲ್ಲ. ಊರಲ್ಲಿ ಅವನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ಎಂದು ಹೊರಟದ್ದು ಹೈಕೋರ್ಟು, ಸುಪ್ರೀಂ ಕೋರ್ಟುಗಳ ಮೆಟ್ಟಿಲು ಹತ್ತಿಳಿದದ್ದನ್ನು ಮಾತ್ರ ಶಿಕ್ಷಕರು ಮರೆತಿಲ್ಲ.

ಎನ್‌ಎಂಎಂಎಸ್ ಫಲಿತಾಂಶ ಬಂದರೆ ಹಾಗಲ್ಲ. ಗೆದ್ದ ಮಕ್ಕಳ ಫೋಟೊ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ, ಶಾಲೆಯ ಗೇಟಿಗೆ ಫ್ಲೆಕ್ಸ್ ಏರುತ್ತದೆ, ಎಸ್‌ಡಿಎಂಸಿ ಅಧ್ಯಕ್ಷರು ಶಾಲು ತರುತ್ತಾರೆ. ಎರಡೂ ಪತ್ರಿಕೆ ಸೇರಿ ಶೇ 40 ಅಂಕ, ಪರಿಶಿಷ್ಟರಿಗೆ ಶೇ 32 ಬಂದರೆ ಅರ್ಹತೆ ಸಿಕ್ಕಂತೆ. ಆಯ್ಕೆಗೆ ಜಿಲ್ಲೆಯ ಪಾಲು, ಮೀಸಲಾತಿ, ಮೆರಿಟ್ ಎಲ್ಲ ಕೂಡಿಬರಬೇಕು. ಫ್ಲೆಕ್ಸ್ ನೋಡಿ ಶಾಲೆಗೆ ದರ್ಜೆ ಕೊಡುವವರಿಗೆ ನನ್ನದೊಂದು ತಕರಾರಿದೆ. ಗಣಿತದ ಹುದ್ದೆ ಖಾಲಿ ಬಿದ್ದು ಅತಿಥಿ ಶಿಕ್ಷಕರ ಮೇಲೆ ನಡೆಯುವ ಶಾಲೆಯಲ್ಲೂ 35 ಎಂದು ಕೂಗಬಲ್ಲ ಹುಡುಗಿ ಇರುತ್ತಾಳೆ. ನಾಲ್ಕೂವರೆಯ ಮೇಲೆ ಅಲ್ಲಿ ಯಾರೂ ದೀಪ ಹಾಕುವುದಿಲ್ಲ, ಅಷ್ಟೇ. ಈ ಪರೀಕ್ಷೆ ಮಗುವಿನ ಬುದ್ಧಿಯನ್ನು ಎಷ್ಟು ಅಳೆಯುತ್ತದೋ, ಒಬ್ಬ ಶಿಕ್ಷಕನ ಸಂಜೆಗಳನ್ನೂ ಅಷ್ಟೇ ಅಳೆಯುತ್ತದೆ.

ಗೆದ್ದ ಮೇಲೂ ದುಡ್ಡು ತಾನಾಗಿ ಬರುವುದಿಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಪ್ರತಿ ವರ್ಷ ನವೀಕರಿಸಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಖಾಸಗಿ ಶಾಲೆಗೋ ಸರ್ಕಾರದ್ದೇ ವಸತಿ ಶಾಲೆಗೋ ಸೇರಿದರೆ ಹಕ್ಕು ಹೋಗುತ್ತದೆ. ಪಿಯುಸಿಯಲ್ಲೂ ಮುಂದುವರಿಯಲು ಹತ್ತನೇ ತರಗತಿಯಲ್ಲಿ ಶೇ 60 ಬೇಕು, ಪರಿಶಿಷ್ಟರಿಗೆ ಶೇ 55. ನಿಮ್ಮ ಊರಿನ ಶಾಲೆಯ ಗೇಟಿನ ಮೇಲೆ ಇಂಥ ಫ್ಲೆಕ್ಸ್ ಇದ್ದರೆ ಆ ಮಕ್ಕಳ ಮನೆಗೆ ಹೋಗಿ ಒಂದು ಮಾತು ಕೇಳಿ: ಈ ವರ್ಷ ನವೀಕರಣ ಆಯಿತೇ?