ದಂಡದ ಹಣ ದಾನಕ್ಕೆ, ಆದರೂ ಕಂತು ತಪ್ಪದು!

ಪಾಕಿಸ್ತಾನದ ಒಂದೂವರೆ ಲಕ್ಷಕ್ಕೂ ಹೆಚ್ಚು ಸಾಲಗಳು, 2006ರಿಂದ 2008ರವರೆಗಿನ ಲೆಕ್ಕ. ಲೀವೆನ್ ಬೇಲೆ, ಮೊಅಜ್ಜಮ್ ಫಾರೂಕ್, ಸ್ಟೀವನ್ ಓಂಗೆನಾ ಎಂಬ ಅರ್ಥಶಾಸ್ತ್ರಜ್ಞರು ಇದನ್ನೆಲ್ಲ ಜಾಲಾಡಿ 2014ರಲ್ಲಿ ಪ್ರಕಟಿಸಿದ್ದನ್ನು ಓದಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಡ್ಡಿ ಹಾಕದ ಇಸ್ಲಾಮಿಕ್ ಸಾಲಗಳು ಸುಸ್ತಿಯಾಗುವ ಪ್ರಮಾಣ ಮಾಮೂಲಿ ಬಡ್ಡಿ ಸಾಲಗಳ ಅರ್ಧಕ್ಕಿಂತಲೂ ಕಡಿಮೆ! ರಂಜಾನ್ ಬಂತೆಂದರೆ ಇನ್ನೂ ಇಳಿಯುತ್ತದೆ. ಸಾಲದ ಪುಸ್ತಕದೊಳಗೆ ಉಪವಾಸದ ತಿಂಗಳು ಎದ್ದು ಕಾಣುತ್ತದೆ!

ಹಾಗಾದರೆ ಈ ಸಾಲ ಅಗ್ಗವೇ? ಅದೂ ಅಲ್ಲ. ಅಲ್ಲಿನ ಇಸ್ಲಾಮಿಕ್ ಬ್ಯಾಂಕುಗಳು ತಮ್ಮ ಲಾಭದ ದರವನ್ನು ಗೊತ್ತುಮಾಡುವಾಗ ಸಾಮಾನ್ಯವಾಗಿ ನೋಡುವುದು ಕರಾಚಿಯ ಅಂತರಬ್ಯಾಂಕ್ ಬಡ್ಡಿದರವನ್ನೇ. ಬೇರೆಯಾಗಿರುವುದು ಕೊಡುವ ಬಗೆ. ಅದನ್ನು ಹತ್ತಿರದಿಂದ ನೋಡಿ.

ಒಂದು ನೂಲಿನ ಗಿರಣಿಗೆ ಹತ್ತಿ ಬೇಕು. ಮಾಮೂಲಿ ಬ್ಯಾಂಕಾದರೆ ಖಾತೆಗೆ ಹಣ ಹಾಕಿ ಬಡ್ಡಿ ಎಣಿಸತೊಡಗುತ್ತದೆ. ಮುರಾಬಹಾ ಎಂಬ ಕರಾರಿನಲ್ಲಿ ಬ್ಯಾಂಕು ಮೊದಲು ಹತ್ತಿಯನ್ನೇ ಕೊಳ್ಳಬೇಕು. ಎಷ್ಟೋ ಸಲ ಗಿರಣಿಯವರೇ ಅದರ ಏಜೆಂಟರಾಗಿ ಮಂಡಿಗೆ ಹೋಗುತ್ತಾರೆ. ಕೊಂಡ ಮೇಲೆ, ಹತ್ತಿ ಇನ್ನೂ ಹತ್ತಿಯಾಗಿಯೇ ಇರುವಾಗ, ನೂಲಾಗುವ ಮೊದಲು, ಬ್ಯಾಂಕು ತಾನು ಕೊಂಡ ಬೆಲೆಯನ್ನೂ ತನ್ನ ಲಾಭವನ್ನೂ ಬಿಡಿಸಿ ಹೇಳಿ ಗಿರಣಿಗೆ ಮಾರಬೇಕು. ಈ ನಡುವೆ ಗೋದಾಮಿಗೆ ಬೆಂಕಿ ಬಿದ್ದರೆ ನಷ್ಟ ಬ್ಯಾಂಕಿನದು! ಒಮ್ಮೆ ಮಾರಿದ ಮೇಲೆ ಬೆಲೆ ಬೆಲೆಯೇ. ಗಿರಣಿ ಎಷ್ಟೇ ತಡ ಮಾಡಲಿ, ಬ್ಯಾಂಕಿನ ಆದಾಯಕ್ಕೆ ಒಂದು ರೂಪಾಯಿ ಹೆಚ್ಚಿಗೆ ಸೇರುವಂತಿಲ್ಲ. ತಡಕ್ಕೆ ಹಾಕಿದ ದಂಡ ದಾನದ ನಿಧಿಗೆ ಹೋಗುತ್ತದೆ. ತಡವಾದರೆ ತನಗೇನೂ ಗಿಟ್ಟದ ಬ್ಯಾಂಕಿಗೇ ಜನ ಹೆಚ್ಚು ನಿಯತ್ತಾಗಿ ತೀರಿಸುತ್ತಿದ್ದಾರೆ!

ಇಷ್ಟೆಲ್ಲ ಕೊಂಡು ಮಾರುವುದಕ್ಕೆ ಕಾಗದಪತ್ರ ಬೇಕು, ಷರಿಯಾ ಪಂಡಿತರ ಮಂಡಳಿ ಬೇಕು, ಖರ್ಚು ಏರುತ್ತದೆ. ಬೆಕ್, ದೆಮಿರ್ಗುಚ್-ಕುಂಟ್, ಮೆರೂಷ್ ಎಂಬ ಅರ್ಥಶಾಸ್ತ್ರಜ್ಞರು ಹಲವು ದೇಶಗಳ ಬ್ಯಾಂಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿ 2013ರಲ್ಲಿ ಬರೆದದ್ದೂ ಅದನ್ನೇ: ಖರ್ಚಿನ ದಕ್ಷತೆಯಲ್ಲಿ ಇಸ್ಲಾಮಿಕ್ ಬ್ಯಾಂಕುಗಳು ಹಿಂದೆ. ಆದರೆ ಅದೇ ಪ್ರಬಂಧದಲ್ಲಿ ಅವುಗಳ ಬಂಡವಾಳ ಹೆಚ್ಚು ಗಟ್ಟಿ, ಕೊಟ್ಟ ಸಾಲದ ಗುಣಮಟ್ಟ ಮೇಲು! ದಕ್ಷತೆಯನ್ನು ಖರ್ಚಿನ ಕಾಲಮ್ಮಿನಲ್ಲಿ ಮಾತ್ರ ಹುಡುಕಿದರೆ ಪಕ್ಕದ ಕಾಲಮ್ಮಿನ ಈ ಸೋಜಿಗ ಕಣ್ಣಿಗೇ ಬೀಳುವುದಿಲ್ಲ. 2008ರಲ್ಲಿ ಅಮೆರಿಕದ ಗೃಹಸಾಲದ ಪತ್ರಗಳು ಜಗತ್ತಿನ ಬ್ಯಾಂಕುಗಳನ್ನು ಕೆಡವಿದಾಗ, ಸಾಲವನ್ನೇ ಸರಕಾಗಿ ಮಾರಾಟ ಮಾಡುವುದನ್ನು ಒಪ್ಪದ ಇವು ಮೊದಲ ಹೊಡೆತದಿಂದ ಬಹುಪಾಲು ಪಾರಾದವು. ಆಸ್ತಿಯ ಬೆಲೆ ಕುಸಿದ ಮರುವರ್ಷ ಮಾತ್ರ ಕೊಲ್ಲಿ ದೇಶಗಳಲ್ಲಿ ಹಲವಕ್ಕೆ ಜೋರಾಗಿಯೇ ಪೆಟ್ಟು ಬಿತ್ತು.

ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಪಾಕಿಸ್ತಾನದ ಸಾಲಗಾರರ ಕಡೆಗೇ. ದೊಡ್ಡ ನಗರಗಳಲ್ಲಿ ಧಾರ್ಮಿಕ ಪಕ್ಷಗಳಿಗೆ ಮತ ಹೆಚ್ಚಿದಲ್ಲಿ ಸುಸ್ತಿ ಇನ್ನಷ್ಟು ತಗ್ಗಿತ್ತು. ಕಂತು ಕಟ್ಟಿಸಿದ್ದು ಅವರವರ ದೈವಭಯವೋ, ಸುತ್ತಲಿನ ನಾಲ್ಕು ಜನರ ಕಣ್ಣೋ? ಎರಡೂ ಇರಬಹುದು ಎನ್ನುತ್ತಾರೆ ಸಂಶೋಧಕರು. ಆಗ ಈ ಸಾಲ ಬೇಕೆಂದು ಆರಿಸಿಕೊಂಡು ಬಂದವರೇ ಅದನ್ನು ಪಡೆದಿದ್ದರು ಎಂಬುದೂ ನಿಜ. ಈಗ 2024ರ ಸಂವಿಧಾನ ತಿದ್ದುಪಡಿಯ ಪ್ರಕಾರ ಅಲ್ಲಿ 2028ರ ಜನವರಿ 1ರೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ಬಡ್ಡಿಯನ್ನು ಪೂರ್ತಿ ತೊಲಗಿಸಬೇಕು. ಆರಿಸುವ ಅವಕಾಶವೇ ಇಲ್ಲದೆ ಎಲ್ಲರೂ ಈ ಕರಾರಿನೊಳಗೆ ಬಂದಾಗಲೂ ಆ ಅರ್ಧ ಅರ್ಧವಾಗಿಯೇ ಉಳಿದೀತೇ?