ಆಳಂದದ ಕುದುರೆ ಸಂತೆ ಮತ್ತು ಹೊಲಿದ ಹಡಗು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿರುವ ಕಪ್ಪುಮಣ್ಣಿನ ಸೀಮೆ. ಆದರೂ ಬಹಮನಿ ಸುಲ್ತಾನರ ಕಾಲದಲ್ಲಿ ಆಳಂದದ ಈ ಬಯಲಿಗೂ ಅರಬ್ಬಿ ಸಮುದ್ರದ ಹಾಯಿಹಡಗುಗಳಿಗೂ ನೇರವಾದ ನಂಟಿತ್ತು ಎಂಬುದಕ್ಕೆ ರಷ್ಯಾದ ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನ್ ಬರೆದಿಟ್ಟ ಪ್ರವಾಸ ಕಥನವೇ ಸಾಕ್ಷಿ. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಬೀದರಿಗೆ ಬಂದಿದ್ದ ಆತ, ಶೇಖ್ ಅಲಾವುದ್ದೀನರ ಸ್ಮರಣೆಯಲ್ಲಿ ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನಗಳ ಸಂತೆ ಕೂಡುತ್ತಿತ್ತೆಂದೂ, ಅಲ್ಲಿಗೆ 20,000ದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದೂ, ಹಿಂದೂಸ್ತಾನದಲ್ಲಿ ಅದಕ್ಕಿಂತ ಮಿಗಿಲಾದ ಸಂತೆ ಇಲ್ಲವೆಂದೂ ಹೇಳಿದ್ದಾನೆ. ಲಾಡ್ಲೆ ಮಶಾಯಕ್ ಎಂದು ಇಂದಿಗೂ ಜನ ನಡೆದುಕೊಳ್ಳುವ ದರ್ಗಾ ಆ ಶೇಖರದೇ. ಸಂತೆಯ ಸಂಖ್ಯೆಯಲ್ಲಿ ಪ್ರವಾಸಿಯ ಉತ್ಪ್ರೇಕ್ಷೆ ಸ್ವಲ್ಪ ಸೇರಿರಬಹುದಾದರೂ, ದಖ್ಖನಿನ ಅಶ್ವದಳಗಳಿಗೆ ಬೇಕಾದ ಉತ್ತಮ ತಳಿಯ ಕುದುರೆಗಳು ಅರಬ್ ಮತ್ತು ಪರ್ಶಿಯಾ ನಾಡುಗಳಿಂದ ಸಮುದ್ರ ದಾಟಿಯೇ ಬರಬೇಕಾಗಿತ್ತು ಎಂಬುದು ನಿರ್ವಿವಾದ.

ಹಗ್ಗದಿಂದ ಹೊಲಿದ ಹಡಗು

ನಿಕಿತಿನ್ ಹೋರ್ಮುಜ್ ಬಂದರಿನಲ್ಲಿ ಕುದುರೆಗಳಿದ್ದ ಹಡಗನ್ನೇರಿ, ಮಸ್ಕತ್, ಗುಜರಾತ್, ಖಂಭಾತ್ ದಾರಿಯಾಗಿ ಆರು ವಾರ ಪಯಣಿಸಿ, ಇಂದಿನ ಮಹಾರಾಷ್ಟ್ರದ ಚೌಲ್‌ನಲ್ಲಿ ಇಳಿದನು. ಆ ಹಡಗಿನ ಬಗೆಯನ್ನು ಅವನು ‘ತಾವಾ’ ಎಂದು ಕರೆದಿದ್ದಾನೆ. ಆ ಕಾಲಕ್ಕೆ ಈ ಸಮುದ್ರದ ಹಡಗುಗಳಲ್ಲಿ ಬಹುಪಾಲು ಕಬ್ಬಿಣದ ಮೊಳೆಯಿಲ್ಲದೆ, ಹಲಗೆಗಳ ಅಂಚಿಗೆ ರಂಧ್ರ ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದವು. ಹದಿಮೂರನೆಯ ಶತಮಾನದ ಕೊನೆಗೆ ಹೋರ್ಮುಜ್‌ನಲ್ಲಿ ಇಂಥ ಹಡಗುಗಳನ್ನು ಕಂಡ ಮಾರ್ಕೊ ಪೋಲೊ, ಅವುಗಳಿಗೆ ಒಂದು ಕೂವೆಮರ, ಒಂದು ಹಾಯಿ, ಒಂದು ಚುಕ್ಕಾಣಿ ಮಾತ್ರ ಇದ್ದವೆಂದೂ, ಮೇಲಟ್ಟವೇ ಇಲ್ಲದ ಕಾರಣ ಸರಕಿನ ಮೇಲೆ ತೊಗಲು ಹೊದಿಸಿ, ಭಾರತದಲ್ಲಿ ಮಾರಲೆಂದು ಒಯ್ಯುವ ಕುದುರೆಗಳನ್ನು ಆ ತೊಗಲಿನ ಮೇಲೆಯೇ ನಿಲ್ಲಿಸುತ್ತಿದ್ದರೆಂದೂ ವಿವರಿಸಿದ್ದಾನೆ. ಮರ ಗಡುಸಾಗಿರುವುದರಿಂದ ಮೊಳೆ ಹೊಡೆದರೆ ಸೀಳುತ್ತದೆಂಬುದು ಅವನು ಕೊಟ್ಟ ಕಾರಣ. ಹದಿನಾಲ್ಕನೆಯ ಶತಮಾನದ ಇಬ್ನ್ ಬತೂತ, ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ಉಳಿಯುತ್ತದೆ ಎಂಬ ಇನ್ನೊಂದು ಕಾರಣವನ್ನು ಮುಂದಿಟ್ಟನು.

ಈ ವಿಧಾನ ಬಹಮನಿಗಳಿಗಿಂತ ಬಹಳ ಹಿಂದಿನದು. ಇಂಡೊನೇಷ್ಯಾದ ಬೆಲಿಟುಂಗ್ ದ್ವೀಪದ ಬಳಿ 1998ರಲ್ಲಿ ದೊರೆತ, ಚೀನಾದ ಸಹಸ್ರಾರು ಪಿಂಗಾಣಿ ಪಾತ್ರೆಗಳನ್ನು ಹೊತ್ತು ಮುಳುಗಿದ್ದ ಹೊಲಿದ ಹಡಗು ಒಂಬತ್ತನೆಯ ಶತಮಾನದ್ದು. ಎಂದರೆ ಇದೇ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದ ಕಾಲದ್ದು. ಅರಬ್ ಲೇಖಕರು ‘ಮಾಂಕೀರ್’ ಎಂದು ಕರೆದ ಆ ರಾಜಧಾನಿಯ ದೊರೆಗಳು ಅರಬ್ ವರ್ತಕರನ್ನು ಆದರಿಸಿದ್ದಷ್ಟೇ ಅಲ್ಲ, ಕರಾವಳಿಯ ಸಂಜಾನ್ ಪ್ರದೇಶದ ಆಡಳಿತವನ್ನೇ ಒಬ್ಬ ಅರಬನಿಗೆ ಒಪ್ಪಿಸಿದ್ದರೆಂದು 926ರ ಚಿಂಚಣಿ ತಾಮ್ರಶಾಸನ ತಿಳಿಸುತ್ತದೆ.

ಕುದುರೆಯಿಂದಾಗಿ ಹುಟ್ಟಿದ ಮತ್ತೊಂದು ವಿಶೇಷ ಬಗೆಯ ಹಡಗನ್ನು ಇಬ್ನ್ ಬತೂತ ಹೊನ್ನಾವರದಲ್ಲಿ ಕಂಡನು. ಅಲ್ಲಿನ ಅರಸ ಜಮಾಲುದ್ದೀನನು ಗೋವೆಯ ಮೇಲೆ ಕಳುಹಿಸಿದ ನೌಕಾಪಡೆಯಲ್ಲಿ ‘ತರೀದ’ ಎಂಬ ಹಡಗುಗಳಿದ್ದವು; ಅವುಗಳ ಹಿಂಭಾಗವನ್ನು ತೆರೆಯಬಹುದಾಗಿದ್ದುದರಿಂದ, ಸವಾರರು ಹಡಗಿನೊಳಗೇ ಕುದುರೆ ಹತ್ತಿ, ಕವಚ ತೊಟ್ಟು, ನೇರವಾಗಿ ದಡಕ್ಕೆ ನುಗ್ಗುತ್ತಿದ್ದರು. ಹೊರುವ ಸರಕು ಹಡಗಿನ ಆಕಾರವನ್ನು ನಿರ್ಧರಿಸುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಡಗಿನೊಡನೆ ಬಂದ ಮಾತು

ಹಡಗುಗಳು ನಡೆದ ದಾರಿಯನ್ನು ಅವುಗಳ ಪದಗಳೂ ತೋರಿಸುತ್ತವೆ. ‘ಹಡಗು’ ಮತ್ತು ‘ಹಾಯಿ’ ದ್ರಾವಿಡ ಮೂಲದವು. ಹಳಗನ್ನಡದ ಪಕಾರ ಮುಂದೆ ಹಕಾರವಾದುದರಿಂದ ತಮಿಳಿನಲ್ಲಿ ‘ಪಡಗು’, ‘ಪಾಯ್’ ಎಂದಿರುವ ಮಾತುಗಳು ಕನ್ನಡದಲ್ಲಿ ಹೀಗೆ ನಿಂತವು. ತಮಿಳಿನಲ್ಲಿ ‘ಪಾಯ್’ ಎಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ಬಟ್ಟೆಗೆ ಮೊದಲು ಹೆಣೆದ ಚಾಪೆಯನ್ನೇ ಗಾಳಿಗೆ ಒಡ್ಡುತ್ತಿದ್ದ ಕಾಲದ ಕುರುಹು ಅದರಲ್ಲಿದೆ. ಹೊಳೆ ದಾಟಿಸುವ ‘ಹರಿಗೋಲು’, ‘ಹುಟ್ಟು’ ಎಂಬ ಮಾತುಗಳೂ ನೆಲದವೇ. ಬಿದಿರು ಹೆಣೆದು ತೊಗಲು ಹೊದಿಸಿದ, ಬುಟ್ಟಿಯಂತೆ ದುಂಡಗಿನ ಹರಿಗೋಲುಗಳು ಹದಿನೈದಿಪ್ಪತ್ತು ಜನರನ್ನೂ, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಲ್ಲವೆಂದು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ತುಂಗಭದ್ರೆಯ ದಂಡೆಯಲ್ಲಿ ಕಂಡು ಬರೆದಿದ್ದಾನೆ.

ಆದರೆ ಸಮುದ್ರದಾಚೆಯ ವ್ಯಾಪಾರಕ್ಕೆ ಸಂಬಂಧಿಸಿದ ಪದಗಳು ಬೇರೆ ದಿಕ್ಕಿನಿಂದ ಬಂದವು. ‘ಬಂದರು’ ಪರ್ಶಿಯನ್ನಿನ ‘ಬಂದರ್’, ಹಡಗನ್ನು ನಿಲ್ಲಿಸುವ ‘ಲಂಗರು’ ಅದೇ ಭಾಷೆಯ ‘ಲಂಗರ್’, ದಿಕ್ಕು ತಿರುಗಿಸುವ ‘ಚುಕ್ಕಾಣಿ’ ಅರಬ್ಬಿಯ ‘ಸುಕ್ಕಾನ್’. ಹಡಗಿನ ಯಜಮಾನನಿಗೆ ಸಲ್ಲುತ್ತಿದ್ದ ‘ನಾಖುದಾ’ ಎಂಬ ಹೆಸರು, ನಾವೆ ಎಂಬರ್ಥದ ‘ನಾವ್’ ಮತ್ತು ಒಡೆಯ ಎಂಬರ್ಥದ ‘ಖುದಾ’ ಎಂಬ ಪರ್ಶಿಯನ್ ಪದಗಳು ಕೂಡಿ ಆದದ್ದು. ಪರ್ಶಿಯನ್ನಿನಲ್ಲಿ ‘ಲಂಗರ್’ ಎಂಬುದು ಬಂದವರಿಗೆಲ್ಲ ಉಣಬಡಿಸುವ ಛತ್ರಕ್ಕೂ ಸಲ್ಲುವ ಮಾತು. ದಖ್ಖನಿನ ದರ್ಗಾಗಳಲ್ಲಿ ಆ ಎರಡನೆಯ ಅರ್ಥವೇ ಬಳಕೆಗೆ ಬಂತು. ಬಹಮನಿ ಮತ್ತು ಬಿಜಾಪುರದ ಆಸ್ಥಾನಗಳಲ್ಲಿ ಪರ್ಶಿಯನ್ ರಾಜಭಾಷೆಯಾಗಿದ್ದುದರಿಂದ, ಇಂಥ ಮಾತುಗಳು ಕರಾವಳಿಯಿಂದಷ್ಟೇ ಅಲ್ಲದೆ ಕಲಬುರಗಿ, ಬೀದರಗಳ ಕಡೆಯಿಂದಲೂ ಕನ್ನಡದೊಳಗೆ ಹರಡಲು ಅವಕಾಶವಿತ್ತು.

ಹಡಗುಗಳನ್ನು ನಡೆಸಿದ ಗಾಳಿಯ ಹೆಸರಿಗೂ ಇಂಥದೇ ಚರಿತ್ರೆಯಿದೆ. ಋತು ಎಂಬರ್ಥದ ಅರಬ್ಬಿಯ ‘ಮೌಸಿಮ್’ ಪೋರ್ಚುಗೀಸರ ಬಾಯಲ್ಲಿ ‘ಮೊನ್ಸಾಂವ್’ ಆಗಿ, ಅಲ್ಲಿಂದ ಯುರೋಪಿನ ಇತರ ಭಾಷೆಗಳಿಗೆ ಹೋಗಿ ‘ಮಾನ್ಸೂನ್’ ಆಯಿತು. ಅದೇ ಅರಬ್ಬಿ ಪದ ಕಲಬುರಗಿಯ ದಖನಿ ಉರ್ದುವಿನಲ್ಲಿ ‘ಮೌಸಮ್’ ಆಗಿ ಉಳಿದಿದೆ. ನೈಋತ್ಯದ ಗಾಳಿ ಬಿರುಸಾಗಿರುವ ಮಳೆಗಾಲದಲ್ಲಿ ಪಶ್ಚಿಮ ತೀರದ ಬಂದರುಗಳಲ್ಲಿ ಸಂಚಾರ ನಿಲ್ಲುತ್ತಿತ್ತು. ಮಳೆ ಮುಗಿದು ಈಶಾನ್ಯದ ಗಾಳಿ ಬೀಸತೊಡಗಿದಾಗ ಹಡಗುಗಳು ಅರಬ್ ನಾಡಿಗೆ ಮರಳುತ್ತಿದ್ದವು. ಆಳಂದದ ಸಂತೆಯನ್ನು ನಿಕಿತಿನ್ ತನ್ನ ನಾಡಿನ ಪೊಕ್ರೋವ್ ಹಬ್ಬಕ್ಕೆ, ಅಂದರೆ ಅಕ್ಟೋಬರ್ ಆರಂಭಕ್ಕೆ, ಹೊಂದಿಸಿ ಹೇಳಿದ್ದಾನೆ. ಕಪ್ಪುಮಣ್ಣಿನ ದಾರಿಗಳು ಒಣಗಿ ಕುದುರೆಗಳ ಕಾಲಿಗೆ ಒದಗುವ ಹೊತ್ತೂ ಅದೇ.

ಮೊಳೆಯ ಕಾಲ

ಬಂದರುಗಳನ್ನು ಹಿಡಿದವರೇ ಕುದುರೆಗಳನ್ನು ಹಿಡಿದಂತಾಗುತ್ತಿದ್ದುದರಿಂದ, ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ವಿಜಯನಗರದಿಂದ ಗೋವೆಯನ್ನು ಕಸಿದುಕೊಂಡನು. 1510ರಲ್ಲಿ ಅದೇ ಗೋವೆಯನ್ನು ಬಿಜಾಪುರದ ಆದಿಲ್‌ಶಾಹಿಗಳಿಂದ ಗೆದ್ದ ಪೋರ್ಚುಗೀಸ್ ನಾಯಕ ಅಲ್ಬುಕರ್ಕ್, 1515ರಲ್ಲಿ ಹೋರ್ಮುಜ್‌ನ ಮೇಲೂ ಹಿಡಿತ ಸಾಧಿಸಿ, ಕುದುರೆ ವ್ಯಾಪಾರದ ಎರಡೂ ತುದಿಗಳನ್ನು ಪೋರ್ಚುಗೀಸರ ಕೈಗೆ ತಂದನು. ಯುರೋಪಿನ ಹಡಗುಗಳ ಪ್ರಭಾವದಿಂದ ಮುಂದಿನ ಶತಮಾನಗಳಲ್ಲಿ ಮೊಳೆಯ ಜೋಡಣೆ ಹಬ್ಬಿತು. ಕರ್ನಾಟಕದ ತೀರದಲ್ಲಿ ಮಂಜಿ, ಪತ್ತೆಮಾರಿ, ಮಚ್ವೆಗಳೆಂಬ ಹಾಯಿಹಡಗುಗಳು ಸರಕು ಸಾಗಿಸಿದವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಬಳಿಕ ಹೆಸರಾದ ಮಂಗಳೂರು ಹೆಂಚು ಪಶ್ಚಿಮ ತೀರದ ಊರುಗಳಿಗೆ ಹೋದದ್ದು ಇಂಥ ಹಡಗುಗಳಲ್ಲೇ. ಮೋಟಾರು ಬಂದ ಮೇಲೆ ಹಾಯಿಗಳು ಇಳಿದವು. ಅವುಗಳ ಹಗ್ಗ, ಗಂಟು, ಹಲಗೆಗಳಿಗಿದ್ದ ಹೆಸರುಗಳೂ ಬಳಕೆಯಿಂದ ಜಾರತೊಡಗಿದವು.

ಹೊಲಿದ ಹಡಗಿನ ವಿದ್ಯೆ ಪೂರ್ತಿ ಅಳಿದಿಲ್ಲ. ಅಜಂತಾದ ಐದನೆಯ ಶತಮಾನದ ವರ್ಣಚಿತ್ರವನ್ನು ಆಧರಿಸಿ, ಕೇರಳದ ಕುಶಲಕರ್ಮಿಗಳು ತೆಂಗಿನ ನಾರಿನಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗು 2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆಗೆ ಸೇರಿತು. ಅದರ ಹಾಯಿಯ ಮೇಲೆ ಗಂಡಭೇರುಂಡದ ಚಿತ್ರವಿದೆ. ಹಡಗನ್ನು ಹೀಗೆ ಮತ್ತೆ ಕಟ್ಟಬಹುದು, ಆದರೆ ಆಡುವವರಿಲ್ಲದೆ ಹೋದ ಮಾತನ್ನು ಮತ್ತೆ ಕಟ್ಟಲಾಗದು. ಆದುದರಿಂದ ಹೊನ್ನಾವರ, ಕುಮಟಾ, ಗಂಗೊಳ್ಳಿ, ಮಲ್ಪೆಗಳಲ್ಲಿ ಹಾಯಿಯ ಕಾಲವನ್ನು ಬಲ್ಲ ಹಿರಿಯರು ಇರುವಾಗಲೇ ಅವರ ಪದಗಳನ್ನು ಬರೆದಿಟ್ಟುಕೊಳ್ಳುವ ಕೆಲಸಕ್ಕೆ ಕನ್ನಡದ ವಿಶ್ವವಿದ್ಯಾಲಯಗಳು ಮುಂದಾಗಬೇಕು. ಆ ಸಂಗ್ರಹದಲ್ಲಿ ಕರಾವಳಿಯಷ್ಟೇ ಹಕ್ಕಿನ ಜಾಗ ಆಳಂದದ ಸೀಮೆಗೂ ಸಲ್ಲಬೇಕು.